ಹುಬ್ಬು ಬರುವವರೆಗೆ

ತಾಶೆರಿ ಕಾಡಿಗೆಯಲ್ಲಿ ಎಡಗಡೆಯ ಹುಬ್ಬು ಬರೆದು ಮುಗಿಸಿ ಬಲಗಡೆಯದಕ್ಕೆ ಕೈ ಹಾಕಿದ್ದಳಷ್ಟೆ, ಪಕ್ಕದ ಮನೆಯ ಹೆನುತ್ ಬಾಗಿಲಲ್ಲಿ ಇಣುಕಿದಳು. ಅವಳು ಯಾವಾಗಲೂ ಇಂಥ ಹೊತ್ತಿಗೇ ಬರುವವಳು.

"ಬೆಕ್ಕು ಸತ್ತ ಮನೇಲಿ ಹುಬ್ಬು ಬರ್ಕೊಂಡು ಕೂತಿದ್ದೀಯಲ್ಲೇ. ಬಾಸ್ತ್ ತಾಯಿ ನೋಡಲ್ವಾ?"

"ತಾಯಿ ನೋಡ್ಲಿ ಬಿಡು. ಮಾಳಿಗೆ ಮೇಲೆ ಮಲಗಿರೋನು ನೋಡದಿದ್ರೆ ಸಾಕು."

ನಮ್ಮ ಕಡೆ ಮನೆಯ ಬೆಕ್ಕು ಸತ್ತರೆ ಮನೆಮಂದಿಯೆಲ್ಲ ಹುಬ್ಬು ಬೋಳಿಸಿಕೊಳ್ಳಬೇಕು. ಅದು ಮತ್ತೆ ಬೆಳೆಯುವವರೆಗೆ ಸೂತಕ. ತಾಶೆರಿ ಬೋಳಿಸಿಕೊಂಡಿದ್ದಳು, ಸತ್ತ ಮಿಯುವನ್ನು ನಾರುಬಟ್ಟೆಯಲ್ಲಿ ಸುತ್ತಿಸಿ ಬೆಕ್ಕುಮೊಗದ ಬಾಸ್ತ್ ತಾಯಿಯ ಗುಡಿಗೆ ಕಳಿಸಿಯೂ ಇದ್ದಳು. ಗಂಡನಿಗೆ ಮಾತ್ರ ಹೇಳಿರಲಿಲ್ಲ. ಹೇಗೆ ತಾನೇ ಹೇಳುತ್ತಾಳೆ? ದೋಣಿ ನಡೆಸುತ್ತಿದ್ದ ಪಾಬಾಸ ಹಾಸಿಗೆ ಹಿಡಿದಂದಿನಿಂದ ಒಂದೇ ಮಾತು ಆಡುತ್ತಿದ್ದ. "ಮಿಯು ಹೋದ ದಿನ ನಾನೂ ಹೊರಟೆ ಅಂತ ತಿಳ್ಕೋ. ಆ ಕತ್ತಲ ದಾರೀಲಿ ಅವಳ ಕಣ್ಣೇ ನನಗೆ ದೀಪ." ಹಠಮಾರಿ ಮನುಷ್ಯ. ಹೇಳಿದ್ದನ್ನು ಮಾಡಿಯೇ ತೀರುವವನು.

ಗಂಜಿ ಹಿಡಿದು ಅವಳು ಮಾಳಿಗೆ ಹತ್ತಿದಾಗ ಹೊಳೆ ತುಂಬಿ ಮನೆಯ ಮೆಟ್ಟಿಲವರೆಗೂ ಬಂದಿತ್ತು. ನೀರೂ ಆಕಾಶವೂ ಒಂದೇ ಬಣ್ಣ. ನಡುವೆ ತಾಯಿಯ ಹಬ್ಬಕ್ಕೆ ಹೊರಟ ದೋಣಿಗಳು ತೇಲುತ್ತಿದ್ದವೋ ಹಾರುತ್ತಿದ್ದವೋ ಹೇಳಲು ಬರುವಂತಿರಲಿಲ್ಲ. ಕೊಳಲಿನ ದನಿ, ಗಿಲಕಿಯ ಸದ್ದು ಎಲ್ಲಿಂದ ಬರುತ್ತಿವೆ ಎಂಬುದೂ ತಿಳಿಯುತ್ತಿರಲಿಲ್ಲ. ಒಂದು ದೋಣಿ ದಡದ ಹತ್ತಿರ ಸರಿಯಿತು. ಅದರಲ್ಲಿದ್ದ ಹೆಂಗಸರು, ಪ್ರತಿವರ್ಷದ ಪದ್ಧತಿಯಂತೆ, ದಡದವರನ್ನು ಛೇಡಿಸತೊಡಗಿದರು.

"ಏ ಮಾಳಿಗೆ ಮೇಲಿನ ಅಜ್ಜೀ, ಮುದುಕನ್ನ ಇನ್ನೂ ಎಷ್ಟು ದಿನ ಕಟ್ಟಿ ಹಾಕ್ಕೋತೀಯೇ? ನಮ್ ಜೊತೆ ಕಳ್ಸು."

"ಕರ್ಕೊಂಡ್ ಹೋಗ್ರೇ," ಎಂದಳು ತಾಶೆರಿ. "ಗೊರಕೆ ಕೇಳಿದ್ ಮೇಲೆ ನಾಳೆ ನೀವೇ ವಾಪಸ್ ತಂದು ಬಿಡ್ತೀರ."

ಪಾಬಾಸ ನಕ್ಕ. ನಕ್ಕದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಕೇಳಿದ, "ಮಿಯು ಎಲ್ಲೇ?"

"ಯಾವುದೋ ಗಂಡುಬೆಕ್ಕಿನ ಹಿಂದೆ ಹೋಗಿದ್ದಾಳೆ."

"ಈ ವಯಸ್ಸಲ್ಲಿ?"

"ನಿನಗ್ಯಾಕೆ ಹೊಟ್ಟೆಕಿಚ್ಚು?"

ಬಿಸಿಲಿಗೆ ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು. ಪಾಬಾಸ ಕಷ್ಟಪಟ್ಟು ಕೈ ಎತ್ತಿ ಹೆಬ್ಬೆರಳಿನಿಂದ ಒರೆಸಿದ. ಬೆವರಿನ ಜೊತೆ ಹುಬ್ಬೂ ಬಂತು. ಕಪ್ಪಾದ ಬೆರಳನ್ನು ಅವನು ಬಹಳ ಹೊತ್ತು ನೋಡಿದ.

"ಯಾವತ್ತು?"

"ನೀರು ಏರಿದ ದಿನ."

"ವಿಚಿತ್ರ ಕಣೆ. ನಿನ್ನೇನೂ ಬಂದು ನನ್ನ ಪಾದದ ಮೇಲೆ ಮಲಗಿದ್ಳು. ಭಾರ ಗೊತ್ತಾಗ್ತಿತ್ತು. ಬೆಚ್ಚಗಿದ್ಳು." ಅವನು ತನ್ನ ಪಾದಗಳ ಕಡೆ ನೋಡಿದ. "ಕರ್ಯೋಕೆ ಬಂದಿದ್ಳು ಅನ್ನು. ಸರಿ, ಹೊರಡ್ತೀನಿ."

ದೋಣಿ ಬಿಡುವಾಗ ಹೇಳುತ್ತಿದ್ದ ದನಿಯಲ್ಲೇ ಹೇಳಿ ಕಣ್ಣು ಮುಚ್ಚಿದ. ಮುಖದ ಗೆರೆಗಳೆಲ್ಲ ಸಡಿಲಾದವು. ಅಳು ಬರಬೇಕಾದಲ್ಲಿ ತಾಶೆರಿಗೆ ಸಿಟ್ಟು ಬಂತು.

"ಹೊರಡ್ತಾನಂತೆ. ಸೂತಕದ ಮೈಲಿಗೇಲಿ ಹೋಗಿ ತಾಯಿ ಮುಂದೆ ನಿಲ್ತೀಯಾ? ನಿನ್ನ ಹುಬ್ಬು ನೋಡ್ಕೋ, ಪೊದೆ ಬೆಳೆದ ಹಾಗಿದೆ. ಇಷ್ಟು ವರ್ಷ ನಿನ್ನ ತಟ್ಟೇಲಿ ಮೀನು ತಿಂದೋಳಿಗೆ ಹುಬ್ಬು ಕೊಡೋಕೂ ಆಗಲ್ವಾ? ಯಾವ ಮುಖ ಇಟ್ಕೊಂಡು ಅವಳ ಹಿಂದೆ ಹೋಗ್ತೀಯ? ಬೋಳಿಸ್ಕೋ. ಬೆಳೀಲಿ, ಸೂತಕ ಕಳೀಲಿ. ಆಮೇಲೆ ಎಲ್ಲಿಗಾದ್ರೂ ಹೋಗು."

ಸೂತಕ ಕಳೆಯದೆ ಸಾಯಬಾರದೆಂದು ನಮ್ಮ ಯಾವ ಪೂಜಾರಿಯೂ ಹೇಳಿದ್ದಿಲ್ಲ. ಆ ಗಳಿಗೆಯಲ್ಲಿ ಅವಳು ಹುಟ್ಟಿಸಿದ ಶಾಸ್ತ್ರ ಅದು. ಪಾಬಾಸ ಕಣ್ಣು ತೆರೆದು ಯೋಚಿಸಿದ.

"ಅದೂ ನ್ಯಾಯವೇ. ಕತ್ತಿ ತಗೊಂಡು ಬಾ."

ಹೊಳೆ ಇಳಿಯಿತು. ಹಬ್ಬಕ್ಕೆ ಹೋದ ದೋಣಿಗಳು ಹಿಂತಿರುಗಿದವು. ಕೆಸರಿನಲ್ಲಿ ಬಿತ್ತಿದ ಜವೆಗೋಧಿ ಮೊಳೆತು ಗೇಣುದ್ದವಾಯಿತು. ತಾಶೆರಿಯ ಹುಬ್ಬು ಮೊದಲಿನಂತೆ ದಟ್ಟವಾಗಿ ಬಂತು, ಕಾಡಿಗೆಯ ಹಂಗಿಲ್ಲದೆ.

"ನಿಂದು ಬಂತು. ನಂದ್ಯಾಕೆ ಇನ್ನೂ ಬರ್ಲಿಲ್ಲ?" ಎಂದು ಪಾಬಾಸ ಹಣೆ ಸವರಿಕೊಳ್ಳುವನು.

"ಮುದಿ ಹೊಲ ಕಣಯ್ಯ. ಫಸಲು ತಡ."

"ಅಲ್ಲೀವರೆಗೂ ತಾಯಿ ಕಾಯ್ತಾಳಾ?"

"ಬೆಕ್ಕಿನ ಜಾತಿ ಅವಳದು. ಕಾಯೋದ್ರಲ್ಲಿ ಅವಳನ್ನ ಮೀರಿಸೋರು ಯಾರು?"

ಮಧ್ಯಾಹ್ನ ಉಂಡು ಅವನಿಗೆ ಜೊಂಪು ಹತ್ತಿದ ಮೇಲೆ ತಾಶೆರಿ ಎಣ್ಣೆಯ ಬಟ್ಟಲನ್ನೂ ಕತ್ತಿಯನ್ನೂ ಹಿಡಿದು ಬರುತ್ತಿದ್ದಳು. ತಾಯಿಗೆ ಮನಸ್ಸಿನಲ್ಲೇ ತಪ್ಪುಕಾಣಿಕೆ ಹೇಳಿಕೊಂಡು, ಬೆಳ್ಳನೆಯ ಮೊಳಕೆ ಕಂಡಲ್ಲೆಲ್ಲ ಉಸಿರು ಬಿಗಿಹಿಡಿದು ಮೆಲ್ಲಗೆ ಕತ್ತಿ ಆಡಿಸುವಳು. ಆವತ್ತೂ ಹಾಗೆಯೇ ಬಲಹುಬ್ಬು ಮುಗಿಸಿದಳು. ಎಡಗಡೆಯದು ಹಾಸಿಗೆಗೆ ಒತ್ತಿಕೊಂಡಿತ್ತು. ಎಬ್ಬಿಸುವಂತಿಲ್ಲ, ಬಿಡುವಂತಿಲ್ಲ. ಕತ್ತಿ ಹಿಡಿದುಕೊಂಡು ಸುಮ್ಮನೆ ಕುಳಿತಳು.

ಪಾಬಾಸ, ಕಣ್ಣು ತೆರೆಯದೆಯೇ, ಎಡಹುಬ್ಬು ಅವಳ ಕೈಗೆ ಸಿಗುವಂತೆ ಮುಖವನ್ನು ಈ ಕಡೆಗೆ ಹೊರಳಿಸಿದ.