ಒಂದೇ ಮೀಟರು

ಹಸಿರು ದೀಪ ಬರಬೇಕಿತ್ತು, ಕೆಂಪೇ ಬಂತು. ಗುಂಡ್ಲುಪೇಟೆಯ ಅಂಗಡಿಯಿಂದ ಬಂದಿದ್ದ ಪುಟ್ಟರಾಜು ಜೋಡಿ ಪ್ಲಗ್ಗಿನಲ್ಲಿ ಒಂದನ್ನು ಹಜಾರದ ಮೋಡೆಮ್ ಪಕ್ಕ ಚುಚ್ಚಿದ್ದ, ಇನ್ನೊಂದನ್ನು ಹಿಂದಿನ ಕೋಣೆಯಲ್ಲಿ. ಇಂಟರ್‌ನೆಟ್ಟು ಮನೆಯ ಕರೆಂಟ್ ವೈರಿನೊಳಗೇ ಹರಿದು ಬಂದು ಆ ಕೋಣೆಯಲ್ಲಿ ವೈಫೈ ಆಗಬೇಕು, ಅದು ಆ ಪ್ಲಗ್ಗುಗಳ ಕೆಲಸ. ಮೂರು ಸಲ ಕಿತ್ತು ಚುಚ್ಚಿದರೂ ಆಗಲಿಲ್ಲ.

ಕಾವ್ಯಶ್ರೀಗೆ ಹನ್ನೊಂದಕ್ಕೆ ಬದನಗುಪ್ಪೆಯ ಕಾರ್ಖಾನೆಯೊಂದರ ಸಂದರ್ಶನ, ಲ್ಯಾಪ್‌ಟಾಪಿನಲ್ಲೇ. ಹಿಂದೊಮ್ಮೆ ಹಜಾರದಲ್ಲಿ ಕೂತು ಬೇರೆ ಕಂಪನಿಯವರಿಗೆ ಉತ್ತರ ಕೊಟ್ಟಾಗ ಅವಳಿಗಿಂತ ಊಟಿ ರಸ್ತೆಯ ಲಾರಿಗಳೇ ಹೆಚ್ಚು ಮಾತಾಡಿದ್ದವು. ಹಿಂದಿನ ಕೋಣೆಯಲ್ಲಿ ಸದ್ದಿಲ್ಲ, ಆದರೆ ಮಣ್ಣಿನ ಗೋಡೆ ದಾಟಿ ವೈಫೈಯೂ ಬರುವುದಿಲ್ಲ. ಈ ಕೆಲಸವೂ ತಪ್ಪಿದರೆ ಮುಂದಿನ ಸಂದರ್ಶನ ಗಂಡಿನ ಕಡೆಯವರದೇ ಎಂದು ಅಪ್ಪ ನೀಲಕಂಠಸ್ವಾಮಿ ಹೇಳಿಯಾಗಿತ್ತು.

"ಪೀಸೇ ಸರಿಯಿಲ್ಲ ಅನ್ಸುತ್ತೆ ಯಜಮಾನ್ರೆ," ಎಂದ ಪುಟ್ಟರಾಜು.

ಕಾವ್ಯಶ್ರೀ ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದಿದಳು. "ಎರಡೂ ಒಂದೇ ಮೀಟರಿನ ಲೈನಲ್ಲಿ ಇರ್ಬೇಕಂತೆ ಕಣಣ್ಣ."

"ಒಂದೇ ಮನೆ ತಾನೆ ಕಣವ್ವ ಇದು?"

"ಮೇನ್ ಆಫ್ ಮಾಡಿ ನೋಡ್ಬುಡನ."

ಪುಟ್ಟರಾಜು ಮೇನ್ ಇಳಿಸಿದ. ಹಜಾರದ ಮೋಡೆಮ್ ಆರಿತು. ಅಡುಗೆಮನೆಯ ಮಿಕ್ಸಿ ನಿಂತು, ಅದರ ಹಿಂದೆಯೇ ಕಾವ್ಯಶ್ರೀಯ ತಾಯಿಯ ಬೈಗುಳ ಕೇಳಿತು. ಹಿಂದಿನ ಕೋಣೆಯಲ್ಲಿ ಫ್ಯಾನ್ ಮಾತ್ರ ಹಾಯಾಗಿ ತಿರುಗುತ್ತಿತ್ತು. ಮೂವರೂ ತಲೆಯೆತ್ತಿ ಅದನ್ನೇ ನೋಡಿದರು.

ಗೋಡೆಯಾಚೆ ನೀಲಕಂಠಸ್ವಾಮಿಯ ತಮ್ಮ ಮೃತ್ಯುಂಜಯನ ಮನೆ. ಪಾಲಾದಾಗ ಪಂಚಾಯ್ತಿಯವರು ಕೊಟ್ಟಿಗೆ, ಹುಣಸೆಮರ, ಒರಳುಕಲ್ಲು ಎಲ್ಲಕ್ಕೂ ನ್ಯಾಯ ಹೇಳಿದ್ದರು. ಅವನ ಕಡೆಯಿಂದ ಈ ಕೋಣೆಗೆ ಬರುವ, ಗೋಡೆಯೊಳಗಿನ ವೈರು ಯಾರಿಗೂ ನೆನಪಾಗಿರಲಿಲ್ಲ. ಅಂದಿನಿಂದ ನೀಲಕಂಠಸ್ವಾಮಿ ತಮ್ಮನೊಡನೆ ಮಾತು ಬಿಟ್ಟಿದ್ದರು. ಅವನ ಮನೆಯ ಒಂದು ಲೋಟ ನೀರನ್ನೂ ಮುಟ್ಟಿಲ್ಲ ಎಂದು ಹೋದ ಮದುವೆಮನೆಯಲ್ಲೆಲ್ಲ ಎಲೆ ಮುಂದೆ ಕೂತು ಹೇಳುತ್ತಿದ್ದರು. ಹೇಳಿ, ಉಂಡು, ಮನೆಗೆ ಬಂದು ಈ ಫ್ಯಾನಿನ ಕೆಳಗೆ ಮಲಗುತ್ತಿದ್ದರು.

"ಕಟ್ ಮಾಡ್ಲಾ ಅದ," ಎಂದರು ಪುಟ್ಟರಾಜುವಿಗೆ.

"ಕಟ್ ಮಾಡುದ್ರೆ ಈ ರೂಮಿಗೆ ಕರೆಂಟೇ ಇರಲ್ಲ. ಹೊಸ ಲೈನ್ ಎಳೆಯಕ್ಕೆ ಸಂಜೆ ಆಯ್ತದೆ. ಇಲ್ಲಾಂದ್ರೆ ಮೋಡೆಮ್ ಕಡೆ ಪ್ಲಗ್ಗ ಅವ್ರ ಜಗುಲಿ ಸಾಕೆಟ್ಟಿಗೆ ಹಾಕಿ, ಕಿಟಕೀಲಿ ಮೋಡೆಮ್ ವೈರ್ ಬುಟ್ರೆ ಆಯ್ತು."

"ಅವ್ನ ಬಾಗ್ಲಿಗೆ ನನ್ನ ಮಗ್ಳು ಓಗದ?"

ಗಂಟೆ ಹತ್ತೂವರೆಯಾಗಿತ್ತು. ಕಾವ್ಯಶ್ರೀ ಹಜಾರದ ಪ್ಲಗ್ ಕಿತ್ತುಕೊಂಡಳು. "ನೀವು ಇಷ್ಟು ವರ್ಸ ಅವ್ರ ಕರೆಂಟಲ್ಲಿ ಮಲಗಿದ್ದೀರಿ ಅಪ್ಪಾಜಿ. ನಾನು ಒಂದ್ ಗಂಟೆ ಕೂತ್ಕತೀನಿ."

ಪುಟ್ಟರಾಜು ಮೇನ್ ಮತ್ತೆ ಎತ್ತಿ, ಪಾಲಾದಾಗಿನಿಂದ ಮುಚ್ಚಿದ್ದ ಹಜಾರದ ಕಿಟಕಿಯನ್ನು ಬಡಿದು ತೆಗೆದ. ಅದರಾಚೆಯೇ ಚಿಕ್ಕಪ್ಪನ ಜಗುಲಿ. ಮೃತ್ಯುಂಜಯ ಮೊರದ ಮುಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಜಗುಲಿಗೆ ಬಂದ ಕಾವ್ಯಶ್ರೀಯಿಂದ ವಿಷಯ ಕೇಳಿ, ಸಾಕೆಟ್ಟಿಗೆ ಅಡ್ಡವಿದ್ದ ಕಾಲು ಸರಿಸಿದ, ಅಷ್ಟೆ. ಅವಳು ಪ್ಲಗ್ ಚುಚ್ಚಿ, ಕಿಟಕಿಯಿಂದ ಬಂದ ಮೋಡೆಮ್ ವೈರು ಸಿಕ್ಕಿಸಿದಳು. ಹಿಂದಿನ ಕೋಣೆಯಿಂದ ಪುಟ್ಟರಾಜು ಹಸಿರು ಬಂತೆಂದು ಕೂಗಿದ.

"ಚಿಕ್ಕಪ್ಪ, ನಮ್ಮ ರೂಮಿಗೆ ನಿಮ್ಮ ಕರೆಂಟು ಬತ್ತಿರದು ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣವ್ವ. ಮೀಟ್ರು ಕೂರ್ಸಿದ ದಿನ್ವೆ ಲೈನ್‌ಮನ್ ಯೋಳ್ದ."

"ಮತ್ತೆ ಕಟ್ ಮಾಡ್ಸಲಿಲ್ಲ?"

"ಮಾಡ್ಸುದ್ರೆ ಅಣ್ಣಂಗೆ ಗೊತ್ತಾಗ್ಬುಡದು. ಆಮೇಲೆ ಎಂಥ ಸೆಕೇಲೂ ಆ ಫ್ಯಾನ್ ಆಕ್ತಿರ್ನಿಲ್ಲ ಅವ್ನು."

ಕಿಟಕಿಯ ಈಚೆ ಕುರ್ಚಿಯಲ್ಲಿದ್ದ ನೀಲಕಂಠಸ್ವಾಮಿಗೆ ಒಂದೊಂದು ಮಾತೂ ಕೇಳಿಸಿತು. ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಹನ್ನೊಂದಾಯಿತು. ಹಿಂದಿನ ಕೋಣೆಯಲ್ಲಿ ಮಗಳು ಗುಡ್ ಮಾರ್ನಿಂಗ್ ಸಾರ್ ಎಂದಳು, ತನ್ನ ಹೆಸರು ಹೇಳಿದಳು. ಇದ್ದಕ್ಕಿದ್ದಂತೆ ಅವಳ ಮಾತು ನಿಂತಿತು. ನೀಲಕಂಠಸ್ವಾಮಿ ಗಾಬರಿಯಾಗಿ ಕಿಟಕಿಗೆ ಬಗ್ಗಿದರು. ಹಳೆಯ ಸಾಕೆಟ್ಟು ಸಡಿಲವಾಗಿ ಪ್ಲಗ್ಗು ಜೋತುಬಿದ್ದಿತ್ತು. ಮೃತ್ಯುಂಜಯ ಮೊರವನ್ನು ಪಕ್ಕಕ್ಕೆ ತಳ್ಳಿ, ಎದ್ದು, ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದ. ಕೋಣೆಯಲ್ಲಿ ಮಗಳ ಮಾತು ಮತ್ತೆ ಶುರುವಾಯಿತು. ಅವನು ಕೈ ತೆಗೆಯದೆ, ಬರಿಗಾಲಲ್ಲಿ, ಗೋಡೆಗೆ ಒರಗಿ ನಿಂತೇ ಇದ್ದ.

ನೀಲಕಂಠಸ್ವಾಮಿ ಅವನ ಬರಿಗಾಲು ನೋಡಿದರು.

"ಶಾಕ್ ಒಡ್ದಾತು," ಎಂದರು ಮೆಲ್ಲಗೆ, "ಚಪ್ಲಿ ಆಕ್ಕಳ್ಲಾ."