ಮಳೆ ಹೇಳುವ ಮಂಡಿ

ಆ ದಿನ ಬೆಳಿಗ್ಗೆ ಆಕಾಶ ನೀಲಿ ಹಾಕಿ ಒಗೆದು ಹರವಿದ ಬಟ್ಟೆಯ ಹಾಗಿತ್ತು. ಮೋಡದ ಒಂದು ಸುಕ್ಕೂ ಇರಲಿಲ್ಲ. ಅಂಥ ಬಿಸಿಲಿನಲ್ಲಿ ಸೊಸೆ ಕಂಕುಳಲ್ಲಿ ಛತ್ರಿ ಇಟ್ಟುಕೊಂಡು ಆಸ್ಪತ್ರೆಗೆ ಬಂದಳು. ಎರಡೂ ಮಂಡಿಗೆ ಹೊಸ ಕೀಲು ಹಾಕಿಸಿಕೊಂಡು, ಮನೆಗೆ ಹೊರಡಲು ಮಂಚದ ಅಂಚಿನಲ್ಲಿ ಕುಳಿತಿದ್ದ ಅತ್ತೆಯ ಕಣ್ಣು ಸೊಸೆಯ ಮುಖಕ್ಕಿಂತ ಮೊದಲು ಆ ಛತ್ರಿಯ ಮೇಲೆ ಬಿತ್ತು.

"ಕಾಲು ಮಡಿಸಿ ಅಮ್ಮಾ… ಇನ್ನೂ… ಭೇಷ್!" ಮೂಳೆ ಡಾಕ್ಟರು, ಬಡಗಿ ತಾನು ಕೂರಿಸಿದ ಬಾಗಿಲನ್ನು ತೆರೆದು ಮುಚ್ಚಿ ನೋಡುವ ಹಾಗೆ ಮಂಡಿಯನ್ನು ಆಡಿಸಿ ನೋಡಿದರು. "ಇನ್ನು ಮಳೆ ಬರಲಿ, ಚಳಿ ಬರಲಿ, ಇದಕ್ಕೆ ಏನೂ ಗೊತ್ತಾಗಲ್ಲ."

"ಏನೂ ಗೊತ್ತಾಗಲ್ವಾ?" ಅತ್ತೆಯ ಮುಖ ಬಾಡಿತು. "ಲೋಹ ಹಾಕಿದೀರಲ್ಲ, ಅದಕ್ಕೆ ತಂಡಿ ತಾಕಲ್ವಾ?"

"ಲೋಹಕ್ಕೆಲ್ಲಿ ನೋವಮ್ಮಾ?"

"ನಡುವೆ ಪ್ಲಾಸ್ಟಿಕ್ ಇಟ್ಟಿದೀನಿ ಅಂದ್ರಲ್ಲ, ಅದಕ್ಕೆ?"

"ಅದಕ್ಕಂತೂ ಇಲ್ಲವೇ ಇಲ್ಲ."

ಇಂಥ ಸುಖದ ಸುದ್ದಿ ಕೇಳಿ ಕಂಗಾಲಾದ ರೋಗಿಯನ್ನು ಡಾಕ್ಟರು ಅದುವರೆಗೆ ಕಂಡಿರಲಿಲ್ಲ. ಅವರಿಗೇನು ಗೊತ್ತು? ಮನೆಯವರ ಲಾಂಡ್ರಿ ಅಂಗಡಿ ನಡೆಯುತ್ತಿದ್ದುದೇ ಆ ಮಂಡಿಯ ಮಾತಿನ ಮೇಲೆ. "ಹಿಡ್ಕೊಂಡಿದೆ ಕಣ್ರೋ, ಮಳೆ ಇದೆ" ಎಂದು ಅತ್ತೆ ಅಂದರೆ ಮಹಡಿಯ ತಂತಿಗೆ ಒಂದು ಕರ್ಚೀಫೂ ಏರುತ್ತಿರಲಿಲ್ಲ. ಮಗನಾಗಲಿ ಇಸ್ತ್ರಿಯವನಾಗಲಿ ಮರುಮಾತಾಡಿದ್ದಿಲ್ಲ. ನಿಜ ಹೇಳಬೇಕೆಂದರೆ, ವರ್ಷಗಳಿಂದ ದಿನವೂ ನೋಯುತ್ತಿದ್ದ ಮಂಡಿ ಯಾವ ದಿನದ ಮಳೆಯನ್ನು ಹೇಳೀತು? ನಸುಕಿನಲ್ಲಿ ಅತ್ತೆ ಮುಸುಕು ಹೊದ್ದು ಪ್ರಾರ್ಥನೆಗೆ ಕೂತಾಗ ಒಂದು ಕಿವಿಯೊಳಗೆ ಪುಟ್ಟ ರೇಡಿಯೋದ ಹವಾಮಾನ ವಾರ್ತೆ ಹರಿಯುತ್ತಿತ್ತು. ಪ್ರಾರ್ಥನೆಯೂ ಸುಳ್ಳಲ್ಲ, ಇನ್ನೊಂದು ಕಿವಿ ದೇವರದೇ. ಅಷ್ಟನ್ನು ಅವನು ಮನ್ನಿಸುತ್ತಾನೆ, ಮನೆಮಂದಿ ಮನ್ನಿಸುವುದು ಕಷ್ಟ. ಆಪರೇಷನ್ನಿನ ಗಡಿಬಿಡಿಯಲ್ಲಿ ಆ ರೇಡಿಯೋ ಮನೆಯಲ್ಲೇ, ದಿಂಬಿನ ಗವಸಿನೊಳಗೇ ಉಳಿದುಬಿಟ್ಟಿತ್ತು.

"ನಾನಿಲ್ಲದೆ ಬಟ್ಟೆಯೆಲ್ಲ ನೆನೆದುಹೋದ್ವೇನೇ?" ಅತ್ತೆ ಕೇಳಿದಳು. ದನಿಯಲ್ಲಿ ಒಂದಿಷ್ಟು ಆಸೆಯೂ ಇತ್ತು.

"ಒಂದೂ ಇಲ್ಲ ಅತ್ತೆ. ನೀವು ಈ ಕಡೆ ಬಂದಿದ್ದೇ ತಡ, ನನ್ನ ಮೊಣಕೈ ಹಿಡ್ಕೊಳ್ಳೋಕೆ ಶುರುವಾಯ್ತು ನೋಡಿ. ಅದು ಹಿಡಿದ ದಿನ ಮಳೆ ಗ್ಯಾರಂಟಿ. ನಿಮ್ಮ ಮಗ ಈಗ ಬೆಳಿಗ್ಗೆ ಎದ್ದು ನನ್ನನ್ನೇ ಕೇಳ್ತಾರೆ. ಇವತ್ತೂ ಹಿಡ್ಕೊಂಡಿದೆ." ಸೊಸೆ ಛತ್ರಿಯನ್ನು ರಾಜದಂಡದಂತೆ ನೆಲಕ್ಕೆ ಊರಿ ನಿಂತಳು.

ಅತ್ತೆಗೆ ಎಲ್ಲ ತಿಳಿಯಿತು. ದಿಂಬಿನ ಗವಸು ಬರಿದಾಗಿದೆ. ಕೂಗಾಡುವಂತಿಲ್ಲ, ಕಳ್ಳನ ಮನೆಗೇ ಕನ್ನ ಬಿದ್ದರೆ ದೂರು ಯಾರಿಗೆ? ಕಣ್ಣು ಮುಚ್ಚಿ ದೇವರನ್ನು ನೆನೆದಳು. ದೇವರು ಡಾಕ್ಟರ ಬಾಯಲ್ಲಿ ಬಂದ.

"ಮೊಣಕೈ ನೋವಾ? ಎಲ್ಲಿ, ಚಾಚಿ ನೋಡೋಣ."

"ಅಯ್ಯೋ, ಏನಿಲ್ಲ ಡಾಕ್ಟ್ರೇ…"

"ಅವಳು ಹಾಗೇ ಡಾಕ್ಟ್ರೇ, ಹೇಳ್ಕೊಳ್ಳಲ್ಲ. ನಾನೂ ಏನಿಲ್ಲ, ಏನಿಲ್ಲ ಅಂತಿದ್ದೇ ಇಲ್ಲಿಗೆ ಬಂದೆ." ಅತ್ತೆಯ ದನಿಯಲ್ಲಿ ಜೇನು ಸುರಿಯಿತು. "ಮೊಣಕೈಗೂ ಹೊಸ ಕೀಲು ಹಾಕ್ತೀರಂತಲ್ಲ?"

"ಹಾಕ್ತೀವಿ. ಮೊದಲು ಎಕ್ಸ್‌ರೇ ಆಗ್ಲಿ. ತೀರಾ ಸವೆದಿದ್ರೆ ತೆಗೆದು ಬದಲಾಯಿಸೋದೇ." ಡಾಕ್ಟರು ಹುರುಪಿನಿಂದ ನರ್ಸನ್ನು ಕರೆಯಲು ಹೊರಗೆ ಹೋದರು.

ಸೊಸೆ ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡಳು. "ಅತ್ತೆ, ಬೇಡ ಅಂತ ಹೇಳಿ."

"ನಾನು ಹೇಗೆ ಹೇಳಲಿ ಮಗಾ, ನೋವು ನಿಂದು. ಹೇಗೂ ಈ ಮಂಚ ಖಾಲಿಯಾಗ್ತಿದೆ, ಇನ್ನೂ ಬೆಚ್ಚಗಿದೆ. ನೀನೇ ಮಲಕ್ಕೋ."

ಹೊರಗೆ ಗಾಲಿಕುರ್ಚಿಯ ಕಿರಗುಟ್ಟುವ ಸದ್ದು ಹತ್ತಿರವಾಯಿತು. ಸೊಸೆ ಬಾಗಿಲ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು.

"ನನ್ನ ಮೊಣಕೈ ವಾಸಿಯಾಯ್ತು ಅತ್ತೆ."

"ನನ್ನ ಮಂಡಿ?"

"ಡಾಕ್ಟ್ರು ಹೇಳಿದ್ದೊಂದೂ ನನ್ನ ಕಿವಿಗೆ ಬಿದ್ದಿಲ್ಲ."

ಅವಳು ಚೀಲಕ್ಕೆ ಕೈಹಾಕಿ, ಅಂಗೈಯಗಲದ ಕಪ್ಪು ಪೆಟ್ಟಿಗೆಯನ್ನು ಕಿವಿಯ ವಯರಿನ ಸಮೇತ ಅತ್ತೆಯ ಮಡಿಲಲ್ಲಿ ಸದ್ದಿಲ್ಲದೆ ಇಟ್ಟು, ಮೇಲೆ ಹೊದಿಕೆ ಎಳೆದಳು.

"ಹೊಸ ಸೆಲ್ ಹಾಕಿದೀನಿ," ಎಂದಳು ಮೆಲ್ಲಗೆ. "ನಾಳೆಯಿಂದ ನೋಯುತ್ತೆ."