ಗಿಡ್ಡ ತೋಳು

ಮಗಳು ಹೆಣೆದ ಸ್ವೆಟರಿನ ಎರಡೂ ತೋಳುಗಳನ್ನು ಶರೀಫಾಬಿ ತೊಡೆಯ ಮೇಲೆ ಜೋಡಿಸಿದಳು. ಒಂದು ಗಿಡ್ಡವಾಗಿತ್ತು. ಕುಣಿಕೆ ಎಣಿಸಿ ನೋಡಿದಳು. ಎರಡರಲ್ಲೂ ಲೆಕ್ಕ ಒಂದೇ.

“ಉದ್ದಂದು ರಂಜಾನ್ ಹಬ್ಬಕ್ಕ ಇಲ್ಲಿ ಬಂದಾಗ ಹೆಣದಿದ್ದಿ. ಇದು?”

“ನರಗುಂದದಾಗ, ಅತ್ತಿ ಮನ್ಯಾಗ,” ಎಂದಳು ಅಫ್ರೀನ. ಕೈ ಕುತ್ತಿಗೆಪಟ್ಟಿ ಹೆಣೆಯುತ್ತಿತ್ತು, ಕಣ್ಣು ಟಿವಿಯ ಧಾರಾವಾಹಿ ಮೇಲಿತ್ತು. “ಉಲ್ಲನ್ ಬ್ಯಾರೆ ಇರಬೇಕಮ್ಮಾ. ಊರಿಗೆ ಹೋಗಿ ಸರಿ ಮಾಡ್ತೀನಿ. ಹೆಣಿಯಾಕ ಕೊಟ್ಟ ಅನಸೂಯಾಬಾಯಾರು ಮೊಮ್ಮಗಗ ಲಗೂ ಬೇಕಂದಾರ.”

ಉಲ್ಲನ್ ಒಂದೇ ಉಂಡೆಯದು. ಲಗ್ನಕ್ಕೆ ಮೊದಲು ಇದೇ ಗಜೇಂದ್ರಗಡದ ಮನೆಯಲ್ಲಿ ಹುಡುಗಿ ಧಾರಾವಾಹಿ ನೋಡಿ ನಗುತ್ತ ಹೆಣೆಯುತ್ತಿದ್ದಳು. ಕೂಸುಗಳ ಟೋಪಿ ಮಾರಿ ಬಂದ ದುಡ್ಡಿಗೆ ಬಳೆ ಕೊಳ್ಳುತ್ತಿದ್ದಳು. ಅವಳ ಕೈ ಎಷ್ಟು ಹಗುರವೆಂದರೆ, ಕುಣಿಕೆ ಸಡಿಲಾಯಿತೆಂದು ಶರೀಫಾಬಿಯೇ ಬೈಯುತ್ತಿದ್ದಳು. ಈ ಗಿಡ್ಡ ತೋಳಿನ ಕುಣಿಕೆಯಲ್ಲಿ ಸೂಜಿಯ ತುದಿಯೂ ತೂರುತ್ತಿರಲಿಲ್ಲ.

“ಅಲ್ಲಿ ಎಲ್ಲಾ ಚಲೋ ಐತಲ್ಲ?”

“ಭಾಳ ಚಲೋ ಐತಿ.”

ಹೊರಗೆ ಬೈಕಿನ ಹಾರ್ನ್ ಕೇಳಿಸಿತು. ಅಳಿಯ ಅಕ್ರಮ್, ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ. ಅಫ್ರೀನಳ ಬೆರಳಿಗೆ ಸುತ್ತಿದ್ದ ಎಳೆ ಒಮ್ಮೆಲೇ ಬಿಗಿದು, ಬೆರಳ ತುದಿ ಬಿಳಿಚಿತು. ಕಣ್ಣು ಮಾತ್ರ ಟಿವಿಯಿಂದ ಅಲುಗಲಿಲ್ಲ.

ಶರೀಫಾಬಿ ಆ ಬೆರಳನ್ನೇ ನೋಡಿದಳು. ಎದ್ದು ಬಾಗಿಲಿಗೆ ಹೋದಳು.

“ಅಫ್ರೀನ ಇವತ್ತ ಬರಂಗಿಲ್ರಿ. ಆಕಿ ಕೆಲಸ ಮುಗದಿಲ್ಲ.”

ಅಗಳಿ ಹಾಕಿ ಬಂದು ಟಿವಿ ಆರಿಸಿದಳು. ಮಗಳ ಪಕ್ಕದಲ್ಲಿ ಕುಳಿತು ಗಿಡ್ಡ ತೋಳನ್ನು ಸಾಲುಸಾಲಾಗಿ ಬಿಚ್ಚತೊಡಗಿದಳು.

“ಈಗ ಹೇಳವಾ,” ಎಂದಳು. “ಮೊದಲಿಂದ ಹೇಳು.”